ನಿಮ್ಮ ತಲೆಗೆ ಪೇಟ ಬಂತು, ನಮ್ಮ ಬಸ್ಸು ಹೋಯಿತು

ಮಿಲ್‌ಹೇವನ್ ಪಟ್ಟಣ ಕೌನ್ಸಿಲಿನ ಮೂರನೇ ವಾರ್ಡಿನ ಮಾನ್ಯ ಸದಸ್ಯರೇ,

ಜೂನ್ ತಿಂಗಳ ಎರಡನೇ ಮಂಗಳವಾರ ಸಂಜೆ ನೀವು ಇರಬೇಕಾಗಿದ್ದ ಜಾಗ ಟೌನ್ ಹಾಲ್. ಇದ್ದ ಜಾಗ ನಮ್ಮ ಕನ್ನಡ ಸಂಘದ ವೇದಿಕೆ. ಅಲ್ಲಿ ನಿಮ್ಮ ಕುರ್ಚಿ ಖಾಲಿ ಇದ್ದುದರಿಂದ, ನಮ್ಮ ವಾರ್ಡಿನ ಬಸ್ಸನ್ನು ಇನ್ನೊಂದು ವರ್ಷ ಓಡಿಸಬೇಕೆಂಬ ಠರಾವಿಗೆ ಎರಡು ಮತ ಪರ ಬಿದ್ದವು, ಎರಡು ಮತ ವಿರುದ್ಧ ಬಿದ್ದವು. ಸಮಸಮವಾದರೆ ಠರಾವು ಬಿದ್ದಂತೆ ಎಂಬುದು ನಮ್ಮ ಊರಿನ ನಿಯಮ. ಐದನೆಯ ಮತ ನಿಮ್ಮದು. ಆ ಹೊತ್ತಿಗೆ ಅದು ಮೈಸೂರು ಪೇಟ ಧರಿಸಿ, ಶಾಲು ಹೊದ್ದು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಫೋಟೋಗೆ ನಗುತ್ತಿತ್ತು. ಸನ್ಮಾನ ಯಾತಕ್ಕೆಂದು ಓದುಗರು ಕೇಳಬಹುದು. ಕೌನ್ಸಿಲಿಗೆ ಆಯ್ಕೆಯಾದದ್ದಕ್ಕೆ! ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರು ಎಂದು ನಮ್ಮ ಕಡೆ ತಮಾಷೆ ಮಾಡುತ್ತಾರೆ. ಅದು ಬರೀ ತಮಾಷೆಯ ಮಾತೆಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ನಾನು ಯಾರೋ ದೂರದವಳಲ್ಲ. ಈ ಊರಿನ ಮತದಾರಳು, ನಿಮ್ಮ ಮನೆಯಿಂದ ಎರಡು ಬೀದಿ ಆಚೆಯವಳು, ಕೌಂಟಿಯ ನೀರು ಸರಬರಾಜಿನಲ್ಲಿ ಇಂಜಿನಿಯರು. ಏಪ್ರಿಲ್‌ನ ಉಪಚುನಾವಣೆಯಲ್ಲಿ ನಿಮ್ಮ ಜೊತೆ ಮನೆಮನೆ ಹತ್ತಿ ಇಳಿದವಳು. ಆ ಮಂಗಳವಾರದ ಕಾರ್ಯಕ್ರಮದ ನಿರೂಪಣೆ ಮಾಡಿದವಳೂ ನಾನೇ. ಆದ್ದರಿಂದ ನಿಮ್ಮ ಮೇಲೆ ಎಸೆಯುವ ಕಲ್ಲು ನನ್ನ ಕಾಲಿಗೂ ಬೀಳುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮ ಸಂಘದ ಪತ್ರಿಕೆಯ ಸಂಪಾದಕಿ ವೇದಾ ಇದನ್ನು ಅಚ್ಚು ಮಾಡಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ನಿಮ್ಮ ಹೆಸರು ಬರಕೂಡದು. ಎಲ್ಲರಿಗೂ ಗೊತ್ತಿರೋದಕ್ಕೆ ಹೆಸರು ಯಾಕೆ ಎಂದಳು. ಹಾಗಾಗಿ ನಿಮ್ಮನ್ನು ಹುದ್ದೆಯಿಂದಲೇ ಕರೆಯುತ್ತೇನೆ. ನೀವೂ ಕೂಡ ಇತ್ತೀಚೆಗೆ ಹುದ್ದೆಯ ಹೆಸರಿನಿಂದ ಕರೆದರೇ ಬೇಗ ತಿರುಗಿ ನೋಡುತ್ತೀರಿ.

ಮೊದಲಿನಿಂದ ಹೇಳುತ್ತೇನೆ. ನಮ್ಮ ವಾರ್ಡಿನ ಹಳೆಯ ಸದಸ್ಯರಿಗೆ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಹೊಸ ಕೆಲಸ ಸಿಕ್ಕಿ, ಅವರು ಮನೆ ಬದಲಿಸಿದರು. ಸ್ಥಾನ ಖಾಲಿಯಾಯಿತು. ಒಂದು ಸಣ್ಣ ಪಟ್ಟಣದ ಒಂದು ವಾರ್ಡಿನ ಉಪಚುನಾವಣೆ ಎಂದರೆ ಯಾರಿಗೆ ಬೇಕು? ಅದು ರಾಷ್ಟ್ರಾಧ್ಯಕ್ಷರ ಚುನಾವಣೆಯ ವರ್ಷ. ಟಿವಿಯಲ್ಲಿ ಬೇರೆಯೇ ಜಾತ್ರೆ ನಡೆದಿತ್ತು. ಅಗ್ನಿಶಾಮಕ ಠಾಣೆಯಲ್ಲಿ ಒಂದು ಶನಿವಾರ ಮತದಾನ ಎಂದು ಟೌನ್ ಕ್ಲರ್ಕ್ ಕಳಿಸಿದ ಕಾರ್ಡನ್ನು ನಮ್ಮವರು ಪಿಜ್ಜಾ ಕೂಪನ್ನುಗಳ ಜೊತೆ ಕಸಕ್ಕೆ ಹಾಕಿದರು. ಆಗ ನೀವು ನನ್ನ ಮನೆಗೆ ಬಂದಿರಿ. ನಮ್ಮವರು ಅಂತ ಒಬ್ಬರಾದರೂ ಅಲ್ಲಿ ಕೂರಬೇಕಲ್ಲವೇ ಎಂದಿರಿ. ನನಗೂ ಹಾಗೇ ಅನ್ನಿಸಿತು. ನೀವು ಕೆಟ್ಟವರಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊಸದಾಗಿ ಬಂದ ಎಷ್ಟು ಸಂಸಾರಗಳ ಸೋಫಾಗಳನ್ನು ನೀವು ನಿಮ್ಮ ಬೆನ್ನ ಮೇಲೆ ಹೊತ್ತಿಲ್ಲ? ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಲ್ಯಾನ್‌ಹ್ಯಾಮ್ ದೇವಸ್ಥಾನದಿಂದ ಪ್ರಸಾದ ತಂದುಕೊಟ್ಟವರು ನೀವು. ಇಂಥವರು ಗೆದ್ದರೆ ಊರಿಗೇ ಒಳ್ಳೆಯದು ಎಂದುಕೊಂಡು ಹೂಂ ಎಂದೆ.

ಆಮೇಲೆ ನಾವು ಪ್ರಚಾರ ಮಾಡಿದ ಚಂದವನ್ನು ನೆನೆಸಿಕೊಳ್ಳಿ. ಪಟ್ಟಿಯಲ್ಲಿ ಇಡೀ ವಾರ್ಡಿನ ಮನೆಗಳಿದ್ದವು. ನಾವು ಆರಿಸಿಕೊಂಡದ್ದು ಬಾಗಿಲಿಗೆ ತೋರಣ ಇದ್ದ ಮನೆಗಳನ್ನು ಮಾತ್ರ. ಪ್ರತಿ ಮನೆಯಲ್ಲೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಹೋದ ಮೇಲೆ ಕೂರಬೇಕು, ಕೂತ ಮೇಲೆ ಕಾಫಿ. ಕಾಫಿ ಬೇಡ ಎಂದರೆ ಉಪ್ಪಿಟ್ಟು. ಅದೂ ಬೇಡ ಎಂದರೆ ನಮ್ಮ ಮನೆಯದು ನಿಮಗೆ ಸೇರುವುದಿಲ್ಲವೇ ಎಂದು ಅವರಿಗೆ ಬೇಜಾರು. ಮಗಳ ಕಾಲೇಜು, ಅತ್ತೆಯ ವೀಸಾ, ಅಡುಗೆಮನೆಗೆ ಹಾಕಿಸಿದ ಹೊಸ ಗ್ರಾನೈಟು, ಎಲ್ಲ ಆದ ಮೇಲೆ ಹೊರಡುವಾಗ ಬಾಗಿಲಲ್ಲಿ ನಿಂತು, ಅಂದ ಹಾಗೆ ಎಲೆಕ್ಷನ್ನು ಎಂದು ನಾವು ತೊದಲುವುದು. ಅಯ್ಯೋ ನಿಮಗಲ್ಲದೆ ಇನ್ಯಾರಿಗೆ ಹಾಕ್ತೀವಿ ಎಂದು ಅವರು ನಗುವುದು. ಒಂದು ಇಡೀ ಭಾನುವಾರ ಸುತ್ತಿದರೂ ಒಂದು ಬೀದಿ ಮುಗಿಯಲಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಹೆಬ್ಬೆಟ್ಟುಗಳ ಮಳೆ ಸುರಿಯಿತು. ನೀವು ಅದನ್ನೇ ಮತ ಎಂದು ಎಣಿಸಿದಿರಿ.

ತೋರಣ ಇಲ್ಲದ ಮನೆಗಳಲ್ಲಿ ನಾನು ನಿಮ್ಮನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದದ್ದು ಒಂದಕ್ಕೆ ಮಾತ್ರ. ಅದು ನಮ್ಮ ಎದುರು ಮನೆ, ಮಿಸ್ ಅರ್ನೆಸ್ಟೀನ್ ಅವರದು. ಮದುವೆಯಾದವರಾದರೂ ಹಿರಿಯರೆಂಬ ಗೌರವಕ್ಕೆ ಇಡೀ ಬೀದಿ ಅವರನ್ನು ಮಿಸ್ ಎಂದೇ ಕರೆಯುತ್ತದೆ. ಮಿಡ್ಲ್ ಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಕಪ್ಪು ಹೆಂಗಸು, ಚರ್ಚಿನ ಹಾಡುಗಾರ್ತಿಯರಿಗೆಲ್ಲ ಹಿರಿಯಕ್ಕ. ನಾವು ಈ ಬೀದಿಗೆ ಬಂದ ಮೊದಲ ಚಳಿಗಾಲದಲ್ಲಿ, ಹಿಮ ಬೀಳುವ ಮೊದಲು ಕಾರಿನ ವೈಪರ್ ಎತ್ತಿ ನಿಲ್ಲಿಸಬೇಕೆಂದು ಬಂದು ಹೇಳಿಕೊಟ್ಟವರು. ನಮ್ಮ ಚಿತ್ರಾನ್ನಕ್ಕೆ ಹಳದಿ ಅನ್ನ ಎಂದು ಹೆಸರಿಟ್ಟು, ಪ್ರತಿ ಯುಗಾದಿಗೂ ಕೇಳಿ ಇಸಿದುಕೊಳ್ಳುವವರು. ಈಚೆಗೆ ಅವರ ಕಣ್ಣಿನ ನಡುಭಾಗ ಮಬ್ಬಾಗಿ, ಕಾರು ಓಡಿಸುವುದು ನಿಂತಿದೆ, ಓದುವುದೂ ನಿಂತಿದೆ. ಅವರಿಗೆ ಬರುವ ಕಾಗದಗಳನ್ನೆಲ್ಲ ಭಾನುವಾರ ನನ್ನ ಮಗಳು ಶ್ರದ್ಧಾ ಹೋಗಿ ಓದಿ ಹೇಳುತ್ತಾಳೆ. ಅವರ ಗಂಡ ವೆಂಡೆಲ್ ಊರಿನ ಆಚೆ ತುದಿಯ ಆರೈಕೆಮನೆಯಲ್ಲಿದ್ದಾರೆ. ನೆನಪು ಹೋಗಿದೆ. ಹೆಂಡತಿಯ ಹೆಸರೂ ಬಾಯಿಗೆ ಬರುವುದಿಲ್ಲ. ಆದರೆ ಆಕೆ ಪಕ್ಕದಲ್ಲಿ ಕೂತು ಗುನುಗುತ್ತಾ ಚಮಚ ಹಿಡಿದರೆ ಬಾಯಿ ತೆರೆಯುತ್ತಾರೆ. ಬೇರೆ ಯಾರು ಹಿಡಿದರೂ ಮುಖ ಗೋಡೆಗೆ. ಹಾಗಾಗಿ ಮಿಸ್ ಅರ್ನೆಸ್ಟೀನ್ ಪ್ರತಿದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರಬೇಕು. ಅವರನ್ನು ಅಲ್ಲಿಗೆ ಮುಟ್ಟಿಸುತ್ತಿದ್ದದ್ದು ಪಟ್ಟಣದ ಆ ಪುಟ್ಟ ಬಿಳಿ ಬಸ್ಸು. ನಮ್ಮ ಬೀದಿಯ ತುದಿಯಲ್ಲಿ ನಿಂತು, ಲೈಬ್ರರಿ, ಅಂಗಡಿ, ಆರೈಕೆಮನೆ ಸುತ್ತಿ, ಮೆಟ್ರೋ ಸ್ಟೇಷನ್ನಿಗೆ ಹೋಗುವ ಬಸ್ಸು. ಕಾರು ಓಡಿಸಲು ಬಾರದ ನಮ್ಮ ಎಷ್ಟೋ ಅಜ್ಜಿ ತಾತಂದಿರೂ ಅದರಲ್ಲೇ ಲೈಬ್ರರಿಗೆ ಹೋಗಿ ಬರುತ್ತಿದ್ದರು, ಅವರನ್ನು ನೀವು ಒಂದು ಸಲವಾದರೂ ಕೇಳಿದ್ದೀರಾ?

ಅವರ ಮನೆಯ ಮುಂಗಟ್ಟೆಯ ಮೇಲೆ ನಿಂತು ನೀವು ಆಡಿದ್ದನ್ನು ನಾನು ಮರೆತಿಲ್ಲ. ಬಸ್ಸನ್ನು ಈ ಬೇಸಿಗೆಗೆ ನಿಲ್ಲಿಸುವ ಮಾತು ಕೌನ್ಸಿಲಿನಲ್ಲಿ ನಡೆದಿದೆ, ಮತ ಹಾಕುವ ದಿನ ನೀವು ಇರುತ್ತೀರಾ ಎಂದು ಆಕೆ ಕೇಳಿದರು. ನೀವು ಅವರ ಎರಡೂ ಕೈ ಹಿಡಿದುಕೊಂಡು, ಬೇರೆ ಏನನ್ನಾದರೂ ಬಿಟ್ಟೇನು, ಆ ದಿನವನ್ನು ಬಿಡುವುದಿಲ್ಲ ಎಂದಿರಿ. ಕಣ್ಣಲ್ಲಿ ನೀರು ತಂದುಕೊಂಡಿರಿ. ಸುಳ್ಳು ನೀರಲ್ಲ, ನಾನು ಬಲ್ಲೆ. ನಿಮಗೆ ಆ ಕ್ಷಣಕ್ಕೆ ಎಲ್ಲವೂ ನಿಜವೇ. ಆದರೆ ಮಿಸ್ ಅರ್ನೆಸ್ಟೀನ್ ಮುಖ ತಿರುಗಿಸಿದ್ದು ನನ್ನ ಕಡೆಗೆ.

“ಬೇಬಿ, ಇವರು ಯಾರೋ ನನಗೆ ಗೊತ್ತಿಲ್ಲ. ನೀನು ಗೊತ್ತು. ಇವರು ಬರ್ತಾರಾ?”

ಬರ್ತಾರೆ ಎಂದೆ. ನಮ್ಮ ಜನ ಹಿರಿಯರಿಗೆ ಕೊಟ್ಟ ಮಾತು ತಪ್ಪುವುದಿಲ್ಲ ಎಂದೂ ಸೇರಿಸಿದೆ. ಯಾರು ಕೇಳಿದ್ದರು ಆ ಎರಡನೆಯ ವಾಕ್ಯವನ್ನು? ವಿದೇಶದಲ್ಲಿ ನಮಗೆಲ್ಲ ಇದೊಂದು ಚಟ. ಒಬ್ಬ ಮನುಷ್ಯನ ಬಗ್ಗೆ ಕೇಳಿದರೆ ಒಂದು ಸಂಸ್ಕೃತಿಯನ್ನೇ ಜಾಮೀನು ಕೊಟ್ಟು ಬರುತ್ತೇವೆ.

ಇನ್ನು ಆ ಮತದಾನದ ಶನಿವಾರ. ಅದೇ ದಿನ ಕರುಣಾಕರ ಅವರ ಹೊಸ ಮನೆಯ ಸತ್ಯನಾರಾಯಣ ಪೂಜೆ. ವಾರ್ಡಿನ ನಮ್ಮವರೆಲ್ಲ ಅಲ್ಲೇ. ಊಟ ಮುಗಿಸಿ ಎಲ್ಲ ಒಟ್ಟಿಗೆ ಹೋಗಿ ಹಾಕೋಣ, ಗ್ರೂಪ್ ಫೋಟೋನೂ ಆಗುತ್ತೆ ಎಂದು ತೀರ್ಮಾನವಾಯಿತು. ಪುರೋಹಿತರು ಬಾಲ್ಟಿಮೋರಿನ ಇನ್ನೊಂದು ಪೂಜೆ ಮುಗಿಸಿ ಬರಬೇಕಿತ್ತು, ತಡವಾಯಿತು. ಕಥೆಯ ಐದು ಅಧ್ಯಾಯಗಳನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಏನಾಗುತ್ತದೆಂದು ಆ ಕಥೆಯೇ ಹೇಳುತ್ತದಲ್ಲ, ಯಾರೂ ಏಳಲಿಲ್ಲ. ಎರಡನೇ ಸಲ ಹೋಳಿಗೆ ಬಡಿಸುವ ಹೊತ್ತಿಗೆ ಠಾಣೆಯ ಬಾಗಿಲು ಮುಚ್ಚಿತ್ತು. ಹೆಬ್ಬೆಟ್ಟು ಒತ್ತಿದವರಲ್ಲಿ ಓಟು ಒತ್ತಿದವರು ಎಷ್ಟು ಮಂದಿಯೆಂದು ನಾನು ಬಲ್ಲೆ. ಬೆಳಗಿನಿಂದ ಠಾಣೆಯ ಹೊರಗೆ ನಿಮ್ಮ ಬೋರ್ಡು ಹಿಡಿದು ನಿಂತವಳು ನಾನು. ಕೈಬೆರಳು ಸಾಕಾದವು. ಮಧ್ಯಾಹ್ನದ ಹೊತ್ತಿಗೆ ನನಗೆ ಅಳು ಬಂದಿತ್ತು. ಆಗ ಒಂದು ಚರ್ಚಿನ ವ್ಯಾನು ಬಂತು. ಮುಂದಿನ ಸೀಟಿನಲ್ಲಿ ಮಿಸ್ ಅರ್ನೆಸ್ಟೀನ್, ತಲೆಗೆ ಹಬ್ಬದ ಟೋಪಿ. ಹಿಂದೆ ಅವರ ಹಾಡುಗಾರ್ತಿಯರು. ಇಳಿದರು, ಹಾಕಿದರು, ಹೋದರು. ಮತ್ತೆ ವ್ಯಾನು ಬಂತು. ಮತ್ತೆ ಬಂತು. ನೀವು ಗೆದ್ದ ಅಂತರ ಆ ವ್ಯಾನಿನ ಒಂದು ಸುತ್ತಿಗಿಂತ ಕಡಿಮೆ.

ಸ್ವಾಮಿ, ಇದನ್ನು ನಾನು ನಿಮಗೆ ಅಂದೇ ಫೋನಿನಲ್ಲಿ ಹೇಳಿದ್ದೆ. ಥ್ಯಾಂಕ್ ಮಾಡೋಣ, ಖಂಡಿತ ಥ್ಯಾಂಕ್ ಮಾಡೋಣ ಎಂದಿರಿ. ಮೇ ತಿಂಗಳಲ್ಲಿ ಪ್ರಮಾಣವಚನ ಆಯಿತು. ನೀವು ಥ್ಯಾಂಕ್ ಮಾಡುವ ಮೊದಲೇ ನಿಮ್ಮನ್ನು ಥ್ಯಾಂಕ್ ಮಾಡುವ ಅವಸರ ನಮ್ಮ ಸಂಘಕ್ಕೆ ಹತ್ತಿಕೊಂಡಿತು. ಕರ್ನಾಟಕದಿಂದ ಒಬ್ಬರು ಗಣ್ಯ ಅತಿಥಿಗಳು ಅಮೆರಿಕ ಪ್ರವಾಸಕ್ಕೆ ಬಂದಿದ್ದರು. ಬುಧವಾರ ರಾಲಿ, ಶುಕ್ರವಾರ ಅಟ್ಲಾಂಟಾ. ನಮಗೆ ಸಿಕ್ಕುವುದು ಮಂಗಳವಾರ ಸಂಜೆ ಮಾತ್ರ. ಅವರ ಕೈಯಿಂದಲೇ ನಿಮಗೆ ಪೇಟ ತೊಡಿಸಬೇಕೆಂದು ಅಧ್ಯಕ್ಷರಾದ ಬಸಲಿಂಗಪ್ಪ ಅಂಕಲ್ ಹಟ ಹಿಡಿದರು. ಅದು ಕೌನ್ಸಿಲ್ ಸಭೆಯ ದಿನ ಎಂದು ನಾನು ನಿಮಗೆ ಹೇಳಿದೆ. ನೀವು ನಕ್ಕಿರಿ.

“ಡೋಂಟ್ ವರಿ ಮಾಡಿ ನೀಲಾ. ಬಸ್ಸು ಲಾಸ್ಟ್ ಐಟಂ. ಆರಕ್ಕೆ ಸ್ಟಾರ್ಟ್ ಮಾಡಿದ್ರೆ ಏಳಕ್ಕೆ ನಾನು ಕಾರಲ್ಲಿರ್ತೀನಿ. ಪೇಟ ತೆಗೆದು ಟೈ ಹಾಕ್ಕೊಂಡ್ರೆ ಆಯ್ತು.”

ಆರಕ್ಕೆ ಶುರು! ನಮ್ಮ ಸಂಘ ಹುಟ್ಟಿದಾಗಿನಿಂದ ಯಾವ ಕಾರ್ಯಕ್ರಮ ಆರಕ್ಕೆ ಶುರುವಾಗಿದೆ, ಹೇಳಿ? ಮೈಕ್ ಸರಿಯಿಲ್ಲ, ದೀಪದ ಬತ್ತಿ ತಂದಿಲ್ಲ, ಅತಿಥಿಗಳು ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿದ್ದಾರೆ. ಪ್ರಾರ್ಥನೆ ಹಾಡುವ ಮಗುವಿಗೆ ಈಗ ಬಾತ್‌ರೂಮು. ಆಮೇಲೆ ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಪರಿಚಯ ಭಾಷಣ, ಪರಿಚಯಿಸಿದವರ ಪರಿಚಯ. ಇಷ್ಟೆಲ್ಲ ಗೊತ್ತಿದ್ದೂ ನೀವು ನಂಬಿದಿರಿ, ನಾನು ನಂಬಿದ ಹಾಗೆ ನಟಿಸಿದೆ.

ಪೇಟ ನಿಮ್ಮ ತಲೆಗೇರಿದ್ದು ಏಳು ದಾಟಿದ ಮೇಲೆ. ಚಪ್ಪಾಳೆ ಬಿತ್ತು. ಇನ್ನೇನು ನೀವು ಏಳುತ್ತೀರಿ ಎಂದು ನಾನು ನಿಮ್ಮ ಕಾರಿನ ಕೀ ಕೈಯಲ್ಲಿ ಹಿಡಿದು ವೇದಿಕೆಯ ಬದಿಯಲ್ಲಿ ನಿಂತಿದ್ದೆ. ಅತಿಥಿಗಳು ಮಾತಿಗೆ ಎದ್ದರು. ವಿಷಯ, ಪ್ರಜಾಪ್ರಭುತ್ವದಲ್ಲಿ ಅನಿವಾಸಿ ಕನ್ನಡಿಗನ ಹೊಣೆ. ನಾನು ಬಸಲಿಂಗಪ್ಪ ಅಂಕಲ್ ಕಿವಿಯಲ್ಲಿ, ಇವರನ್ನು ಈಗಲೇ ಕಳಿಸಿಬಿಡೋಣ, ಅಲ್ಲಿ ಓಟಿದೆ ಎಂದೆ. ವಿಜಯಪುರದ ಹಿರಿಯರು, ಮನಸ್ಸು ನೋಯಿಸುವ ಮನುಷ್ಯರಲ್ಲ. ಆದರೂ ಅವರ ಮುಖ ಬಾಡಿಹೋಯಿತು.

“ಸನ್ಮಾನ ಆದಾವ್ರೇ ನಡುವ ಎದ್ದು ಹೋದ್ರ ಹೆಂಗವ್ವಾ? ಅತಿಥಿಗೆ ಅವಮಾನ ಆಗ್ತದ. ಇನ್ನ ಹತ್ತು ಮಿನಿಟು.”

ಆ ಹತ್ತು ಮಿನಿಟು ಎಷ್ಟು ಉದ್ದವಿತ್ತೆಂದು ಸಭೆಯಲ್ಲಿದ್ದವರಿಗೆಲ್ಲ ಗೊತ್ತು. ನನ್ನ ಫೋನು ನಡುಗತೊಡಗಿತು. ಮಿಸ್ ಅರ್ನೆಸ್ಟೀನ್‌ಗೆ ಅಕ್ಷರ ಕಾಣುವುದಿಲ್ಲ, ಫೋನಿಗೆ ಬಾಯಲ್ಲಿ ಹೇಳಿ ಸಂದೇಶ ಕಳಿಸುತ್ತಾರೆ. ಟೌನ್ ಹಾಲಿನಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದೇನೆ, ನಿಮ್ಮವರ ಕುರ್ಚಿ ಖಾಲಿಯಂತೆ ಹೌದೇ ಎಂದು ಮೊದಲನೆಯದು. ನಾನು ಎದ್ದು ಮಾತಾಡಿದೆ, ವೆಂಡೆಲ್ ಊಟದ ವಿಷಯ ಹೇಳಿದೆ, ಎಲ್ಲ ಸುಮ್ಮನೆ ಕೇಳಿದರು ಎಂದು ಎರಡನೆಯದು. ಬಸ್ಸಿನ ವಿಷಯ ಶುರುವಾಯಿತು, ದಾರಿಯಲ್ಲಿದ್ದಾರಾ ಎಂದು ಮೂರನೆಯದು. ನಾನು ಒಂದು ಚೀಟಿ ಬರೆದು ವೇದಿಕೆಗೆ ಕಳಿಸಿದೆ. ನೀವು ಓದಿದಿರಿ. ನನ್ನ ಕಡೆ ನೋಡಿ, ಒಂದು ನಿಮಿಷ ಎಂದು ಬೆರಳು ತೋರಿಸಿ, ಚೀಟಿಯನ್ನು ಹಣ್ಣಿನ ಬುಟ್ಟಿಯಲ್ಲಿಟ್ಟಿರಿ. ಅತಿಥಿಗಳು ಆಗ, ಈ ಗೆಲುವು ಮಿಲ್‌ಹೇವನ್ ಕನ್ನಡಿಗರ ಒಗ್ಗಟ್ಟಿಗೆ ಸಂದ ಜಯ ಎನ್ನುತ್ತಿದ್ದರು. ಸಭೆಯಲ್ಲಿ ಹೋಳಿಗೆ ತಿಂದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದರೆ ಇದೇ ಅಲ್ಲವೇ? ನೀವು ಕೈ ಮುಗಿದಿರಿ. ಆಮೇಲೆ ಎದ್ದು, ನನ್ನ ಕೆಲಸ ಇಂಗ್ಲಿಷಿನಲ್ಲಿ, ನನ್ನ ಹೃದಯ ಮಾತ್ರ ಕನ್ನಡದಲ್ಲಿ ಎಂದು ಆರಂಭಿಸಿ, ಸನ್ಮಾನಕ್ಕೆ ಉತ್ತರವಾಗಿ ಸಾವಕಾಶವಾಗಿ ಮಾತಾಡಿದಿರಿ. ನೀವು ಮಾತು ಮುಗಿಸುವ ಮೊದಲೇ ಕೊನೆಯ ಸಂದೇಶ ಬಂದಿತ್ತು. ಪರವಾಗಿಲ್ಲ ಬೇಬಿ, ಕತ್ತಲಾಗಿದೆ, ನೀನು ಹುಷಾರಾಗಿ ಕಾರು ಓಡಿಸಿಕೊಂಡು ಬಾ ಎಂದು.

ಮರುದಿನ ನಿಮ್ಮ ಕಚೇರಿಯಿಂದ ವಿವರಣೆ ಬಂತು. ಪೂರ್ವನಿಗದಿತ ಸಾರ್ವಜನಿಕ ಕಾರ್ಯಕ್ರಮದ ಕಾರಣ ಸದಸ್ಯರು ಸಭೆಗೆ ಹಾಜರಾಗಲು ಸಾಧ್ಯವಾಗಲಿಲ್ಲ. ಎಂಥ ಸೊಗಸಾದ ವಾಕ್ಯ! ಕೌನ್ಸಿಲ್ ಸಭೆ ಪ್ರತಿ ತಿಂಗಳ ಎರಡನೇ ಮಂಗಳವಾರ ಎಂದು ನೀವು ಹುಟ್ಟುವ ಮೊದಲೇ ಈ ಊರಿನಲ್ಲಿ ನಿಗದಿಯಾಗಿದೆಯಲ್ಲ, ಅದಕ್ಕಿಂತ ಪೂರ್ವ ಯಾವುದು? ಅದರ ಜೊತೆಗೆ ಪೇಟದ ಫೋಟೋವನ್ನು ವಾರ್ಡಿನ ಫೇಸ್‌ಬುಕ್ ಪುಟದಲ್ಲಿ ಬೇರೆ ಹಾಕಿದಿರಿ. ಸಮುದಾಯದ ಪ್ರೀತಿಗೆ ಋಣಿ ಎಂದು ಕೆಳಗೆ ಬರೆದಿರಿ. ಮಿಸ್ ಅರ್ನೆಸ್ಟೀನ್ ಅದನ್ನು ನೋಡಲಾರರು. ಆದರೆ ಅವರ ಚರ್ಚಿನವರಿಗೆ ಕಣ್ಣಿದೆ, ಅವರು ನೋಡಿ ಹೇಳಿದ್ದಾರೆ.

ಜೂನ್ ಮುಗಿಯುತ್ತಲೇ ಬಸ್ಸು ನಿಂತಿತು. ಬೀದಿಯ ತುದಿಯ ಕಂಬದಿಂದ ಫಲಕ ಬಿಚ್ಚಿಕೊಂಡು ಹೋದರು. ಈಗ ಚರ್ಚಿನವರು ಪಾಳಿಯ ಮೇಲೆ ಕೆಲವು ದಿನ ಅವರನ್ನು ಆರೈಕೆಮನೆಗೆ ಬಿಡುತ್ತಾರೆ, ಶನಿವಾರ ನಾನು ಬಿಡುತ್ತೇನೆ. ಯಾರೂ ಸಿಗದ ದಿನ ಮಿಸ್ ಅರ್ನೆಸ್ಟೀನ್ ಮನೆಯಲ್ಲಿರುತ್ತಾರೆ, ವೆಂಡೆಲ್ ಅಲ್ಲಿ ಮುಖ ಗೋಡೆಗೆ ತಿರುಗಿಸಿಕೊಂಡಿರುತ್ತಾರೆ. ಆತ ಇಳಿದುಹೋಗಿದ್ದಾರೆ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಕಾಣುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನಾನು ಪ್ರಮೋಷನ್ ತಪ್ಪಿದಾಗ, ಫ್ಲೈಟ್ ತಪ್ಪಿದಾಗಲೆಲ್ಲ ಸಲೀಸಾಗಿ ಆಡುತ್ತಿದ್ದೆ. ಈಗ ಆಡಲು ಬಾಯಿ ಬರುವುದಿಲ್ಲ.

ಮೊದಲ ಶನಿವಾರ ಕಾರಿನಲ್ಲಿ ನಾನು ಬಾಯ್ಬಿಟ್ಟು ಅತ್ತೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಕೆ ನಿಜವಾದ ಕುತೂಹಲದಿಂದ, ನಿಮ್ಮ ಜನರ ಹಬ್ಬ ಚೆನ್ನಾಗಿ ಆಯಿತಾ ಎಂದು ಕೇಳಿದರು. ಆ ದೊಡ್ಡ ಟೋಪಿ ಯಾರಿಗೆ ತೊಡಿಸುತ್ತಾರೆ ಎಂದರು. ಊರಿಗೆ ಉಪಕಾರ ಮಾಡಿದವರಿಗೆ ಎಂದು ಹೇಳಿದೆ, ಬೇರೆ ಏನು ಹೇಳಲಿ? ಓಹ್, ಹಾಗೋ ಎಂದರು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆಪಟ್ಟಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲೆಂದೇ ಏನೋ, ಇನ್ನು ಮೇಲೆ ವಾರದಲ್ಲಿ ಇನ್ನೂ ಎರಡು ದಿನ ನಾನೇ ಬಿಡುತ್ತೇನೆ, ಆಫೀಸಿನಲ್ಲಿ ಹೇಳುತ್ತೇನೆ ಎಂದು ಬಡಬಡಿಸಿದೆ. ಆಕೆ ನನ್ನ ಕೈ ತಟ್ಟಿದರು.

“ಬೇಬಿ, ನಾನು ಓಟು ಹಾಕಿದ್ದು ನಿನ್ನ ಕಾರಿಗಲ್ಲ. ಬಸ್ಸಿಗೆ.”

ಈ ಮಾತು ನಿಮಗೆ ಅರ್ಥವಾಗುತ್ತದೆಯೇ, ಸದಸ್ಯರೇ? ನಮಗೆ ಉಪಕಾರ ಮಾಡುವುದು ಬರುತ್ತದೆ. ಸೋಫಾ ಹೊರುವುದು, ಪ್ರಸಾದ ತರುವುದು, ಏರ್‌ಪೋರ್ಟಿಗೆ ಬಿಡುವುದು, ಇದರಲ್ಲೆಲ್ಲ ನಮ್ಮನ್ನು ಮೀರಿಸಿದವರಿಲ್ಲ. ಉಪಕಾರಕ್ಕೆ ಪ್ರತಿಯಾಗಿ ಪೇಟ ತೊಡಿಸುವುದೂ ಬರುತ್ತದೆ. ಆದರೆ ಆಕೆ ಕೇಳಿದ್ದು ಉಪಕಾರವಲ್ಲ, ತನಗೆ ಸೇರಬೇಕಾದ ಒಂದು ಮತ. ಒಂದು ಕೈ ಮೇಲೆತ್ತಬೇಕಿತ್ತು, ಅಷ್ಟೇ. ಆ ಕೈಯಲ್ಲಿ ನಾವು ಹಣ್ಣಿನ ಬುಟ್ಟಿ ಇಟ್ಟಿದ್ದೆವು. ತಪ್ಪು ನಿಮ್ಮೊಬ್ಬರದೇ ಎಂದು ನಾನು ಹೇಳುತ್ತಿಲ್ಲ. ಅತಿಥಿ ಬೇಸರ ಪಟ್ಟುಕೊಂಡಾರು ಎಂದು ಹೆದರಿದ ಬಸಲಿಂಗಪ್ಪ ಅಂಕಲ್ ಅವರದೂ ಹೌದು, ಓಟು ಹಾಕದೆ ಚಪ್ಪಾಳೆ ಹಾಕಿದವರದೂ ಹೌದು. ಎಲ್ಲರಿಗಿಂತ ಹೆಚ್ಚು ನಾಚಬೇಕಾದವಳು ಇನ್ನೊಬ್ಬಳಿದ್ದಾಳೆ. ಆ ಸಂಜೆ ಇಡೀ ಮೈಕು ಇದ್ದದ್ದು ಅವಳ ಕೈಯಲ್ಲಿ. ಕ್ಷಮಿಸಿ, ಇವರಿಗೆ ಈಗ ಕೌನ್ಸಿಲಿನಲ್ಲಿ ಮತ ಹಾಕಲಿಕ್ಕಿದೆ, ಹೋಗಿ ಬರಲಿ ಎಂದು ಅವಳು ಒಂದು ವಾಕ್ಯ ಹೇಳಿದ್ದರೆ ಅತಿಥಿಗಳು ಕೂಡ ಚಪ್ಪಾಳೆ ತಟ್ಟಿ ಕಳಿಸಿಕೊಡುತ್ತಿದ್ದರು. ಅವಳು ಚೀಟಿ ಬರೆದಳು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕಲಿತು ಬೆಳೆದವಳು.

ಈಗ ನವೆಂಬರಿಗೆ ಪೂರ್ಣಾವಧಿಯ ಚುನಾವಣೆ. ನೀವು ಮತ್ತೆ ನಿಲ್ಲುತ್ತೀರೆಂದು, ಗಣೇಶನ ಹಬ್ಬದಲ್ಲಿ ಸಂಘದ ವೇದಿಕೆಯಿಂದಲೇ ಅದನ್ನು ಘೋಷಿಸುತ್ತೀರೆಂದು, ನಿರೂಪಣೆ ನಾನೇ ಮಾಡಬೇಕೆಂದು ನಿನ್ನೆ ಫೋನು ಬಂತು. ಬಸ್ಸಿನ ಮಾತೆತ್ತಿದೆ. ಅದು ಮುಗಿದ ಚಾಪ್ಟರ್, ಮೂವ್ ಆನ್ ಮಾಡೋಣ ಎಂದರು ನಿಮ್ಮ ಪ್ರಚಾರ ನೋಡಿಕೊಳ್ಳುವವರು. ಮುಗಿದಿಲ್ಲ. ಗೈರುಹಾಜರಾಗಿದ್ದ ಸದಸ್ಯರು ಬೇಕಾದರೆ ಅದೇ ವಿಷಯಕ್ಕೆ ಹೊಸ ಠರಾವು ತರಬಹುದು ಎಂದು ಟೌನ್ ಕ್ಲರ್ಕ್ ನನಗೆ ಹೇಳಿದ್ದಾರೆ. ಆ ಸದಸ್ಯರು ಈ ಬಗ್ಗೆ ವಿಚಾರಿಸಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದರು.

ಆದ್ದರಿಂದ ನನ್ನ ಬೇಡಿಕೆ ಇದು. ಜುಲೈ ಸಭೆ ಆಗಿಹೋಯಿತು, ಆಗಸ್ಟ್ ತಿಂಗಳು ಕೌನ್ಸಿಲಿಗೆ ರಜೆ. ಸೆಪ್ಟೆಂಬರಿನ ಎರಡನೇ ಮಂಗಳವಾರ ನೀವು ನಿಮ್ಮ ಕುರ್ಚಿಯಲ್ಲಿರಬೇಕು. ಬಸ್ಸಿನ ಠರಾವನ್ನು ನೀವೇ ತರಬೇಕು. ತರುವ ಮೊದಲು, ಜೂನ್ ತಿಂಗಳಲ್ಲಿ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ನಿಮ್ಮನ್ನು ಗೆಲ್ಲಿಸಿದವರು ಯಾರು ಎಂಬುದನ್ನು ಮೊದಲ ಸಾಲಿನಲ್ಲಿ ಕೂತಿರುವ ಹೆಂಗಸಿಗೆ ಕೇಳಿಸುವಂತೆ ಹೇಳಬೇಕು. ಪೂರ್ವನಿಗದಿತ, ಸಾರ್ವಜನಿಕ, ಸಾಧ್ಯವಾಗಲಿಲ್ಲ, ಈ ಮೂರು ಶಬ್ದಗಳು ಬೇಡ. ಇದು ನಿಮ್ಮಿಂದ ಆಗದಿದ್ದರೆ ಸ್ಥಾನ ಬಿಡಿ. ನವೆಂಬರಿನಲ್ಲಿ ಬೇರೆ ಯಾರಾದರೂ ಬಸ್ಸು ಬೇಕಾದವರು ನಿಲ್ಲಲಿ, ನಾನು ಅವರ ಬೋರ್ಡು ಹಿಡಿಯುತ್ತೇನೆ. ಈ ಸಲ ತೋರಣ ಇಲ್ಲದ ಮನೆಗಳಿಂದ ಶುರು ಮಾಡುತ್ತೇನೆ.

ಇಲ್ಲಿಗೆ ಪತ್ರ ಮುಗಿಸಿ, ಗಟ್ಟಿಯಾಗಿ ಓದಿಕೊಂಡು, ಪರವಾಗಿಲ್ಲ, ಚೆನ್ನಾಗಿ ಝಾಡಿಸಿದ್ದೇನೆ ಎಂದು ಸಮಾಧಾನಪಟ್ಟುಕೊಂಡಿದ್ದೆ. ಡೈನಿಂಗ್ ಟೇಬಲ್ಲಿನ ಆಚೆ ಬದಿಯಲ್ಲಿ ಬೇಸಿಗೆ ರಜೆಯ ಹೋಂವರ್ಕ್ ಮಾಡುತ್ತಿದ್ದ ಶ್ರದ್ಧಾ ತಲೆ ಎತ್ತಿದಳು.

“ಅಮ್ಮ, ಸಂಡೇ ನಾನು ಮಿಸ್ ಅರ್ನೆಸ್ಟೀನ್‌ಗೆ ಲೆಟರ್ಸ್ ಓದ್ತೀನಲ್ಲ. ಇದು ಹೇಗೆ ಓದೋದು? ಇಟ್ಸ್ ಇನ್ ಕನ್ನಡ.”

ಕನ್ನಡದಲ್ಲಿ ಬರೆದದ್ದು ನಿಮ್ಮ ಹೃದಯ ಕನ್ನಡದಲ್ಲಿದೆಯೆಂದಲ್ಲ, ಸದಸ್ಯರೇ. ನಮ್ಮ ಮಾನ ನಮ್ಮೊಳಗೇ ಹೋಗಲಿ ಎಂದು. ಅವರಿಗೆ ತಿಳಿಯದ ಭಾಷೆಯಲ್ಲಿ ಅವರ ಪರವಾಗಿ ಗುಡುಗಿದರೆ ನನಗೂ ಕ್ಷೇಮ, ನಿಮಗೂ ಕ್ಷೇಮ. 

ಹಾಗಾಗಿ ಒಂದು ಮಾತು ಸೇರಿಸುತ್ತಿದ್ದೇನೆ. ಕೌನ್ಸಿಲ್ ಸಭೆಯ ಮೊದಲಿಗೆ ಸಾರ್ವಜನಿಕರು ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತಾಡಬಹುದು. ಸೆಪ್ಟೆಂಬರ್ ಸಭೆಗೆ ನಾನು ಹೆಸರು ಕೊಟ್ಟು ಬಂದಿದ್ದೇನೆ. ಶ್ರದ್ಧಾ ಮತ್ತು ನಾನು ಕೂತು ಈ ಪತ್ರವನ್ನು ಇಂಗ್ಲಿಷಿಗೆ ತರುತ್ತಿದ್ದೇವೆ, ಹೋಳಿಗೆಯನ್ನೂ ಬಿಡದೆ. ಮಿಸ್ ಅರ್ನೆಸ್ಟೀನ್ ಅವರನ್ನು ನಾನೇ ಕರೆತಂದು ಮೊದಲ ಸಾಲಿನಲ್ಲಿ ಕೂರಿಸುತ್ತೇನೆ. ಅದಕ್ಕೂ ಮೊದಲು ನೀವೇ ಅವರ ಮುಂಗಟ್ಟೆ ಹತ್ತಿ ಎಲ್ಲವನ್ನೂ ಹೇಳಿಬಿಟ್ಟರೆ ನನಗೆ ಓದುವ ಕೆಲಸ ತಪ್ಪುತ್ತದೆ. ನೀವು ಹೇಳದಿದ್ದರೆ, ದೊಡ್ಡವರು ಕೂತಿರುವಾಗಲೇ ನಾನು ಬಾಯಿ ಹಾಕುತ್ತೇನೆ.

ಇಂತಿ,
ಮೈಕು ಕೈಯಲ್ಲಿದ್ದೂ ಚೀಟಿ ಬರೆದವಳು,
ನಿಮ್ಮ ಪರವಾಗಿ ಮಾತು ಕೊಟ್ಟು, ಎದುರು ಮನೆಯ ಕಡೆ ಮುಖ ಎತ್ತಲಾರದ ನಿಮ್ಮ ನಿರೂಪಕಿ
ನೀಲಗಂಗಾ
ಮೂರನೇ ವಾರ್ಡು, ಮಿಲ್‌ಹೇವನ್, ಮೇರಿಲ್ಯಾಂಡ್
ಜುಲೈ, ೨೦೧೬